ಎಲ್ಲೆ ತೋರುವ ಬೆಳಕು

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಕೋಲಾರದ ಚಿನ್ನದ ಗಣಿಗಳ ಸಯನೈಡ್ ದಿಬ್ಬಗಳು ದೂರದಿಂದಲೇ ಕಾಣುತ್ತವೆ. ಗಣಿಗಳು 2001ರಲ್ಲಿ ಮುಚ್ಚಿದುವು, ದಿಬ್ಬಗಳು ಉಳಿದುವು. ಆ ಮರಳಿನಲ್ಲಿ ಷೀಲೈಟ್ ಎಂಬ ಟಂಗ್‌ಸ್ಟನ್ ಅದಿರೂ ಉಂಟು. ಹಗಲಿನಲ್ಲಿ ಬೆಣಚುಕಲ್ಲಿನ ನಡುವೆ ಅದನ್ನು ಗುರುತಿಸುವುದು ಕಷ್ಟ. ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದರೆ ನೀಲಿಯಾಗಿ ಬೆಳಗುತ್ತದೆ. (ಚಿನ್ನಕ್ಕೆ ಈ ಗುಣವಿಲ್ಲ.) ಒಂದು ಬೆಳಕನ್ನು ನುಂಗಿ ಇನ್ನೊಂದು ಬಣ್ಣದಲ್ಲಿ ಹೊರಚೆಲ್ಲುವುದಕ್ಕೆ ಪ್ರತಿದೀಪ್ತಿಯೆಂದು ಹೆಸರು. ತರಗತಿಯಲ್ಲಿ ಎಷ್ಟೋ ವರ್ಷ ಈ ಪಾಠ ಹೇಳಿದ್ದೇನೆ. ಅದು ನಮ್ಮ ಮನೆಯ ಮಾತಾದೀತೆಂದು ಎಣಿಸಿರಲಿಲ್ಲ.

ನನ್ನ ಸೋದರಳಿಯನಿಗೆ ಕಾಲುಗಳು ಜೋಮು ಹಿಡಿಯತೊಡಗಿದುವು. ಬೆಂಗಳೂರಿನಲ್ಲಿ ಪರೀಕ್ಷಿಸಿ, ಬೆನ್ನುಹುರಿಯೊಳಗೇ ಗಡ್ಡೆಯಿದೆ, ಎಪೆಂಡಿಮೋಮ ಎಂದರು.

“ಪೂರ್ತಿ ತೆಗೆಯಬಲ್ಲಿರಾ, ಡಾಕ್ಟರೇ?” ಎಂದೆ.

“ಎಲ್ಲಿ ನಿಲ್ಲಿಸಬೇಕೆಂಬುದೇ ಕಷ್ಟ, ಮೇಷ್ಟ್ರೇ” ಎಂದರು.

ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ. ಬೇರೆಡೆಯ ಗಡ್ಡೆಗಳಂತೆ ಸುತ್ತಲಿನದನ್ನೂ ಸೇರಿಸಿ ಕೊಯ್ಯುವಂತಿಲ್ಲ. ಕತ್ತಿ ತುಸು ಮುಂದೆ ಹೋದರೆ ಕಾಲು ಹೋದೀತು. ಹಿಂದೆ ನಿಂತರೆ ಗಡ್ಡೆ ಮರಳಿ ಬೆಳೆದೀತು. ಅದಕ್ಕೆ ಅವರು ಹೇಳಿದ ಉಪಾಯ ಬೆಳಕು. ಅರಿವಳಿಕೆಗೆ ಸುಮಾರು ಮೂರು ಗಂಟೆ ಮುಂಚೆ ರೋಗಿಗೆ ಅಮೈನೊಲೆವ್ಯುಲಿನಿಕ್ ಆಮ್ಲವನ್ನು ನೀರಿನಲ್ಲಿ ಕುಡಿಸುತ್ತಾರೆ. ನೆತ್ತರಿನ ಕೆಂಪನ್ನು ಕಟ್ಟಲು ನಮ್ಮ ಮೈಯೇ ತಯಾರಿಸಿಕೊಳ್ಳುವ ವಸ್ತು ಅದು. ಗಡ್ಡೆಯ ಕಣಗಳಲ್ಲಿ ಅದು ಪ್ರೋಟೊಪಾರ್ಫಿರಿನ್ ಆಗಿ ಸಂಗ್ರಹವಾಗುತ್ತದೆ. ಸೂಕ್ಷ್ಮದರ್ಶಕದಿಂದ ನೀಲಿ ಬೆಳಕು ಬಿಟ್ಟರೆ ಕೆಂಪಾಗಿ ಹೊಳೆಯುತ್ತದೆ. ಮಿದುಳಿನ ಉಗ್ರ ಗಡ್ಡೆಗಳಲ್ಲಿ ಇದರ ಪ್ರಯೋಜನವನ್ನು ಜರ್ಮನಿಯ ಸ್ಟುಮ್ಮರ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಬೆನ್ನುಹುರಿಗೆ ಇದು ಅಲ್ಲಿಂದ ಬಂದ ವಿದ್ಯೆ. ಎಪೆಂಡಿಮೋಮಗಳು ಬಹುಮಟ್ಟಿಗೆ ಹೊಳೆಯುತ್ತವೆ. ನಿಧಾನವಾಗಿ ಬೆಳೆಯುವ ಆಸ್ಟ್ರೋಸೈಟೋಮಗಳು ಸಾಮಾನ್ಯವಾಗಿ ಹೊಳೆಯುವುದೇ ಇಲ್ಲ.

“ಹಾಗಾದರೆ ಹೊಳೆಯದುದೆಲ್ಲ ಒಳ್ಳೆಯದೆಂದು ನಂಬಬಹುದೆ?”

“ಇಲ್ಲ. ಹೊಳೆದುದನ್ನೆಲ್ಲ ತೆಗೆಯಲೂ ಆಗದು.”

ಆ ಮಾತಿನ ಅರ್ಥ ನನಗೆ ಸಂಜೆ ತಿಳಿಯಿತು. ಗಡ್ಡೆಯ ಬಹುಭಾಗ ಹೊರಬಂದಿದ್ದಿತು. ಕೊನೆಗೊಂದು ಎಳೆ ಕೆಂಪಾಗಿ ಹೊಳೆಯುತ್ತಿದ್ದಾಗಲೇ ಕಾಲಿನ ನರಗಳ ವಿದ್ಯುತ್ಸಂಕೇತ ಕುಗ್ಗಿತಂತೆ. “ಕಂಡೂ ಬಿಟ್ಟೆ” ಎಂದರು ವೈದ್ಯರು. ಬೇಸರವಾಯಿತೆಂಬುದನ್ನು ಮುಚ್ಚಿಡಲಾರೆ. ಇಷ್ಟೆಲ್ಲ ಬೆಳಕು ಹಾಯಿಸಿ, ಕಂಡುದನ್ನೇ ಬಿಡುವುದೆ?

ಔಷಧಿಯಿಂದ ಚರ್ಮ ಬೆಳಕನ್ನು ತಾಳದಾದ್ದರಿಂದ ಒಂದು ದಿನವೆಲ್ಲ ಕೊಠಡಿಯ ಪರದೆ ಎಳೆದಿದ್ದರು. ಆ ಮಬ್ಬಿನಲ್ಲಿ ಹುಡುಗ, “ಮಾವ, ನೋಡಿ” ಎಂದ. ಹೊದಿಕೆಯ ತುದಿಯಲ್ಲಿ ಬೆರಳುಗಳು ಆಡುತ್ತಿದ್ದುವು.

ಉಳಿದ ಎಳೆಯನ್ನು ನೋಡಿಸಲು ಈಗಲೂ ಬೆಂಗಳೂರಿಗೆ ಹೋಗಿಬರುತ್ತೇವೆ. ಕಳೆದ ಸಲ ಬಂಗಾರಪೇಟೆಯಲ್ಲಿ ಇಳಿದು ಮೇಲ್ಸೇತುವೆಯ ಮೆಟ್ಟಿಲನ್ನು ತಾನೇ ಹತ್ತಿದ. ಚೀಲ ಮಾತ್ರ ನನ್ನ ಕೈಯಲ್ಲಿದ್ದಿತು.