ಪರವಾನಗಿ ಬಂದೂಕು ಪಾರ್ಸೆಲ್‌ನಲ್ಲಿ ಹೋಗುವುದಿಲ್ಲ ಏಕೆ? ದುರಸ್ತಿಗೆ ಕಳುಹಿಸುವ ಕಾನೂನುಬದ್ಧ ಮಾರ್ಗ ಯಾವುದು?

ಬೆಳೆ ರಕ್ಷಣೆಗಾಗಿ ಬಂದೂಕಿನ ಪರವಾನಗಿ ಪಡೆದ ರೈತರಿಗೆ ಪರವಾನಗಿ ದೊರೆಯುವವರೆಗಿನ ಅಲೆದಾಟ ಒಂದು ಬಗೆಯದಾದರೆ, ಬಂದೂಕು ಕೆಟ್ಟಾಗ ಎದುರಾಗುವ ತೊಡಕು ಇನ್ನೊಂದು ಬಗೆಯದು. ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ಗದ್ದೆಗಳಿರುವ ಸಿಂಧನೂರು ಭಾಗದಲ್ಲಾಗಲಿ, ತೊಗರಿ, ಜೋಳ, ಸಜ್ಜೆ ಬೆಳೆಯುವ ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಬೆದ್ದಲು ಹೊಲಗಳಲ್ಲಾಗಲಿ, ಫಸಲು ಕೈಗೆ ಬರುವ ಹೊತ್ತಿಗೆ ಬಂದೂಕಿನ ಕುದುರೆ ಸಡಿಲವಾದರೆ ಅಥವಾ ಹಿಡಿ ಬಿರುಕು ಬಿಟ್ಟರೆ, ಅದನ್ನು ಸರಿಪಡಿಸಲು ಅಧಿಕಾರವುಳ್ಳ ವ್ಯಾಪಾರಿಯನ್ನು ಹುಡುಕಿಕೊಂಡು ದೂರದ ನಗರಕ್ಕೆ ಹೋಗಬೇಕಾಗುತ್ತದೆ. ಬೀಜ, ಪಂಪ್‌ಸೆಟ್ಟಿನ ಬಿಡಿಭಾಗ, ಮಕ್ಕಳ ಪುಸ್ತಕ ಎಲ್ಲವೂ ಪಾರ್ಸೆಲ್‌ನಲ್ಲಿ ಬಂದು ಹೋಗುವ ಈ ಕಾಲದಲ್ಲಿ, ಸರ್ಕಾರವೇ ಪರವಾನಗಿ ನೀಡಿದ ವಸ್ತುವನ್ನು ಪಾರ್ಸೆಲ್ ಕೌಂಟರಿನವರು ಮುಟ್ಟಲೂ ಒಪ್ಪದಿರುವುದು ರೈತರಿಗೆ ಅಸಮಾಧಾನ ತರುವುದು ಸಹಜ.

ಆ ಅಸಮಾಧಾನಕ್ಕೆ ಕಾರಣವಿಲ್ಲದಿಲ್ಲ. ಕೌಂಟರಿನಲ್ಲಿ ದೊರೆಯುವ ಉತ್ತರ ಬಹುಮಟ್ಟಿಗೆ ‘ಆಗುವುದಿಲ್ಲ’ ಎಂಬ ಒಂದೇ ಮಾತು. ಏಕೆ ಆಗುವುದಿಲ್ಲ, ಹಾಗಾದರೆ ಏನು ಮಾಡಬೇಕು ಎಂಬುದನ್ನು ಹೇಳುವವರು ವಿರಳ. ಹೇಳದೆ ಉಳಿದ ಈ ಎರಡು ಮಾತುಗಳನ್ನು ವಿವರಿಸುವುದು ಈ ಲೇಖನದ ಉದ್ದೇಶ. ಮಾರ್ಗ ತಿಳಿಯದ ರೈತರು ಹಿಡಿಯುವ ಅಡ್ಡದಾರಿಗೆ ಇರುವ ಶಿಕ್ಷೆ, ಕೆಟ್ಟ ಬಂದೂಕಿನಿಂದ ಆಗುವ ನಷ್ಟಕ್ಕಿಂತ ಬಹಳ ದೊಡ್ಡದು.

ಮೊದಲಿಗೆ ಸಾಗಣೆದಾರರ ಕಡೆಯಿಂದ ನೋಡೋಣ. 1959ರ ಆಯುಧ ಅಧಿನಿಯಮದ 3ನೇ ಕಲಂ ಪ್ರಕಾರ ಪರವಾನಗಿಯಿಲ್ಲದೆ ಯಾವುದೇ ವ್ಯಕ್ತಿ ಬಂದೂಕನ್ನು ಹೊಂದುವಂತಿಲ್ಲ, ಸ್ವಾಧೀನದಲ್ಲಿ ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ಪರವಾನಗಿ ಇರುವುದು ರೈತರ ಹೆಸರಿನಲ್ಲಿ. ಪಾರ್ಸೆಲ್ ಸ್ವೀಕರಿಸಿದ ಕ್ಷಣದಿಂದ ಬಂದೂಕು ಇರುವುದು ಕೌಂಟರಿನ ಗುಮಾಸ್ತರ ಬಳಿ, ನಂತರ ಲಾರಿಯ ಚಾಲಕರ ಬಳಿ, ಅಲ್ಲಿಂದ ಗೋದಾಮಿನವರ ಬಳಿ, ಕೊನೆಗೆ ಮನೆ ಮನೆಗೆ ತಲುಪಿಸುವ ಹುಡುಗನ ಬಳಿ. ಸಿಂಧನೂರಿನಿಂದ ಬೆಂಗಳೂರಿಗೆ ಹೋಗುವಷ್ಟರಲ್ಲಿ ಐದಾರು ಕೈ ಬದಲಾಗುವ ಪೆಟ್ಟಿಗೆಯಲ್ಲಿ ಪರವಾನಗಿಯುಳ್ಳ ಕೈ ಒಂದೂ ಇರುವುದಿಲ್ಲ. ಅನಧಿಕೃತವಾಗಿ ಬಂದೂಕು ಹೊಂದಿದ ಅಥವಾ ಒಯ್ದ ಅಪರಾಧಕ್ಕೆ, 2019ರ ತಿದ್ದುಪಡಿಯ ನಂತರ, ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ದಂಡವಿದೆ. ತಿಂಗಳ ಸಂಬಳಕ್ಕೆ ದುಡಿಯುವ ಗುಮಾಸ್ತರು ಹಿಂಜರಿದರೆ ಅದನ್ನು ಉದ್ಧಟತನವೆನ್ನಲಾಗದು.

ಇದಲ್ಲದೆ ಸಾಗಣೆ ಕೆಲಸದಲ್ಲಿರುವವರ ಮೇಲೆ ಕಾನೂನು ನೇರವಾಗಿ ಹೊರಿಸಿದ ಹೊಣೆಯೂ ಇದೆ. ಇದು ಹೆಚ್ಚಿನವರಿಗೆ ತಿಳಿದಿಲ್ಲ. ಅದೇ ಅಧಿನಿಯಮದ 36ನೇ ಕಲಂ ಪ್ರಕಾರ, ರೈಲು, ವಿಮಾನ, ಹಡಗು, ವಾಹನ ಅಥವಾ ಬೇರೆ ಯಾವುದೇ ಸಾಗಣೆ ಸಾಧನದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ, ಸಾಗುತ್ತಿರುವ ಪೆಟ್ಟಿಗೆ ಅಥವಾ ಗಂಟಿನಲ್ಲಿ ಅಪರಾಧಕ್ಕೆ ಸಂಬಂಧಿಸಿದ ಆಯುಧ ಅಥವಾ ಮದ್ದುಗುಂಡು ಇದೆಯೆಂದು ಸಂಶಯ ಬಂದರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು. 20ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ಪರವಾನಗಿ ಇರಲಿ ಇಲ್ಲದಿರಲಿ, ಕಾನೂನುಬಾಹಿರ ಉದ್ದೇಶದ ಸಂಶಯಕ್ಕೆ ನ್ಯಾಯವಾದ ಕಾರಣ ಕೊಡುವ ರೀತಿಯಲ್ಲಿ ಆಯುಧ ಒಯ್ಯುವವರನ್ನು ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರ ಪೊಲೀಸರಿಗಷ್ಟೇ ಅಲ್ಲ, ಬಸ್ಸಿನ ನಿರ್ವಾಹಕರಂತಹ ಸಾಗಣೆ ನೌಕರರಿಗೂ ಇದೆ. ಖಾಸಗಿ ಕೊರಿಯರ್ ಸಂಸ್ಥೆಗಳು ತಮ್ಮ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿ ಆಯುಧವನ್ನು ಮೊದಲಿಗೇ ನಮೂದಿಸುವುದು ಈ ಹಿನ್ನೆಲೆಯಲ್ಲಿ. ಅಂಚೆಯ ವಿಷಯದಲ್ಲಿ, 1898ರ ಭಾರತೀಯ ಅಂಚೆ ಕಚೇರಿ ಅಧಿನಿಯಮದ 19ನೇ ಕಲಂ ಸ್ಫೋಟಕ ಹಾಗೂ ಅಪಾಯಕಾರಿ ವಸ್ತುಗಳನ್ನು ಅಂಚೆಯಲ್ಲಿ ಕಳುಹಿಸುವುದನ್ನು ನಿಷೇಧಿಸಿತ್ತು. ಆ ಅಧಿನಿಯಮದ ಸ್ಥಾನದಲ್ಲಿ 2023ರ ಅಂಚೆ ಕಚೇರಿ ಅಧಿನಿಯಮವು 2024ರ ಜೂನ್ 18ರಿಂದ ಜಾರಿಗೆ ಬಂದಿದೆ. ತೋಟಾ, ಮದ್ದಿನ ಪುಡಿಗಳನ್ನು ಅಂಚೆಗೆ ಹಾಕುವ ಯೋಚನೆಯನ್ನೇ ಮಾಡಬಾರದು.

ಅಮೆರಿಕದಲ್ಲಿ ಬಂಧುಗಳಿರುವ ಕೆಲವರು, ಅಲ್ಲಿ ಬಂದೂಕು ಅಂಚೆಯಲ್ಲೇ ಬರುತ್ತದಂತೆ ಎನ್ನುವುದುಂಟು. ಈ ಮಾತು ಪೂರ್ತಿ ನಿಜವಲ್ಲ. ಕೈಬಂದೂಕುಗಳನ್ನು ಸಾಮಾನ್ಯ ನಾಗರಿಕರು ಅಂಚೆಯಲ್ಲಿ ಕಳುಹಿಸುವುದನ್ನು ಆ ದೇಶವೂ 1927ರಲ್ಲೇ ನಿಷೇಧಿಸಿತು. ಅಲ್ಲಿಯ ದೊಡ್ಡ ಖಾಸಗಿ ಸಾಗಣೆ ಸಂಸ್ಥೆಗಳು ಇಂದು ಪರವಾನಗಿ ಪಡೆದ ವ್ಯಾಪಾರಿಗಳಿಂದ ಮಾತ್ರ ಬಂದೂಕು ಸ್ವೀಕರಿಸುತ್ತವೆ. ಕೌಂಟರಿನ ಮುಂದಿನ ಅಸಮಾಧಾನ ಅಲ್ಲಿಯೂ ಇದೆ.

ಇನ್ನು ಅಡ್ಡದಾರಿಗಳ ವಿಷಯ. ಬಂದೂಕನ್ನು ಬಿಚ್ಚಿ ನಳಿಗೆಯನ್ನೊಂದೇ ಅಥವಾ ಕುದುರೆಯ ಭಾಗವನ್ನೊಂದೇ ಕಳುಹಿಸಿದರೆ ತೊಂದರೆಯಿಲ್ಲವೆಂಬ ನಂಬಿಕೆ ಅನೇಕರಲ್ಲಿದೆ. ಅಧಿನಿಯಮದ 2ನೇ ಕಲಂ ನೀಡುವ ವ್ಯಾಖ್ಯೆಯಲ್ಲಿ ಬಂದೂಕಿನ ಭಾಗಗಳೂ ಬಂದೂಕೇ. ಬಿಚ್ಚಿದ ಮಾತ್ರಕ್ಕೆ ಅದು ಕಬ್ಬಿಣದ ತುಂಡಾಗುವುದಿಲ್ಲ. ಪೆಟ್ಟಿಗೆಯ ಮೇಲೆ ‘ಕೃಷಿ ಉಪಕರಣ’ ಎಂದು ಬರೆಸುವುದು ಇನ್ನೂ ಅಪಾಯಕಾರಿ. 2007ರ ರಸ್ತೆ ಸಾಗಣೆ ಅಧಿನಿಯಮದ ಪ್ರಕಾರ ಸರಕಿನ ವಿವರದ ಸತ್ಯಾಸತ್ಯತೆಗೆ ಕಳುಹಿಸುವವರೇ ಹೊಣೆ. ತಪ್ಪು ವಿವರದಿಂದ ಸಾಗಣೆದಾರರಿಗೆ ನಷ್ಟವಾದರೆ ಅದನ್ನೂ ತುಂಬಿಕೊಡಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕ್ಷ-ಕಿರಣ ತಪಾಸಣೆಯಲ್ಲಿ ಸಿಕ್ಕಿಬಿದ್ದ ಇಂತಹ ಪೆಟ್ಟಿಗೆ, ಅಲ್ಲಿಯವರೆಗೆ ನಿರಪರಾಧಿಯಾಗಿದ್ದ ಪರವಾನಗಿದಾರರನ್ನು ಮುಚ್ಚಿಟ್ಟು ಸಾಗಿಸಿದವರನ್ನಾಗಿ ಮಾಡುತ್ತದೆ. ಆಮೇಲೆ ಪರವಾನಗಿ ಉಳಿಯುವ ಭರವಸೆ ಇರುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದ ಅಡ್ಡದಾರಿ ಊರಿನ ಕುಲುಮೆಯದು. ಪಾರ್ಸೆಲ್ ಹೋಗಲಿಲ್ಲವೆಂದು ಬೇಸತ್ತ ರೈತರು ನೇಗಿಲು, ಕುಂಟೆ ಸರಿಪಡಿಸುವ ಕಮ್ಮಾರರ ಬಳಿಗೋ ವೆಲ್ಡಿಂಗ್ ಅಂಗಡಿಗೋ ಬಂದೂಕನ್ನು ಒಯ್ಯುತ್ತಾರೆ. ಅವರು ಪರಿಚಯದ ಮೇಲೆ ಕೆಲಸ ಮಾಡಿಕೊಡುತ್ತಾರೆ, ಐವತ್ತೋ ನೂರೋ ರೂಪಾಯಿ ಪಡೆಯುತ್ತಾರೆ. ಆದರೆ 5ನೇ ಕಲಂ ಪ್ರಕಾರ ಬಂದೂಕಿನ ದುರಸ್ತಿಗೂ ಪ್ರತ್ಯೇಕ ಪರವಾನಗಿ ಬೇಕು. ಅದಿಲ್ಲದೆ ದುರಸ್ತಿ ಮಾಡುವುದು, ಅನಧಿಕೃತವಾಗಿ ಬಂದೂಕು ತಯಾರಿಸುವ ಅಪರಾಧದ ಸಾಲಿನಲ್ಲೇ ಬರುತ್ತದೆ. 2019ರ ತಿದ್ದುಪಡಿ ಈ ಶಿಕ್ಷೆಯನ್ನು ಏಳು ವರ್ಷಕ್ಕೆ ಕಡಿಮೆಯಿಲ್ಲದ ಕಾರಾವಾಸಕ್ಕೆ ಏರಿಸಿದ್ದು, ಅದು ಜೀವಾವಧಿಯವರೆಗೂ ವಿಸ್ತರಿಸಬಹುದು. ರೈತರ ಉಪಕಾರಕ್ಕೆಂದು ಬೆಸುಗೆ ಹಾಕಿದ ಕಮ್ಮಾರರಿಗೆ ಈ ವಿಷಯ ತಿಳಿದಿರುವ ಸಾಧ್ಯತೆ ಕಡಿಮೆ. ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಅಭಿವೃದ್ಧಿ ಅಧಿಕಾರಿಗಳು ಈ ಒಂದು ಸಂಗತಿಯನ್ನಾದರೂ ತಮ್ಮ ಊರಿನ ಕುಲುಮೆಗಳಿಗೆ ತಲುಪಿಸಬೇಕೆಂಬುದು ನಮ್ಮ ಕೋರಿಕೆ.

ಹಾಗಾದರೆ ಸರಿಯಾದ ಮಾರ್ಗವೇನು? ಅದು 3ನೇ ಕಲಂನಲ್ಲಿಯೇ, ಅದರ ಪರಂತುಕದ ರೂಪದಲ್ಲಿದೆ. ಪರವಾನಗಿದಾರರ ಸಮಕ್ಷಮದಲ್ಲಿ ಅಥವಾ ಅವರ ಲಿಖಿತ ಅಧಿಕಾರದ ಮೇರೆಗೆ, ತನಗೆ ಪರವಾನಗಿ ಇಲ್ಲದ ವ್ಯಕ್ತಿಯೂ ಬಂದೂಕನ್ನು ದುರಸ್ತಿಗಾಗಿ, ಪರವಾನಗಿಯ ನವೀಕರಣಕ್ಕಾಗಿ ಅಥವಾ ಪರವಾನಗಿದಾರರ ಉಪಯೋಗಕ್ಕಾಗಿ ಒಯ್ಯಬಹುದು. ಎಂದರೆ ವಯಸ್ಸಾದ ತಂದೆಯ ಬಂದೂಕನ್ನು ಮಗ ಒಯ್ಯಬಹುದು, ನಂಬಿಕೆಯ ನೆರೆಯವರು ಒಯ್ಯಬಹುದು. ಕಾನೂನು ಒಪ್ಪುವುದು ಹೆಸರು ಗೊತ್ತಿರುವ ಒಬ್ಬ ವ್ಯಕ್ತಿಯ ಕೈಯನ್ನು. ಪಾರ್ಸೆಲ್ ವ್ಯವಸ್ಥೆಯಲ್ಲಿ ಇಲ್ಲದಿರುವುದು ಅದೇ. ಒಯ್ಯುವವರಿಗೆ 21 ವರ್ಷ ತುಂಬಿರಬೇಕು. 9ನೇ ಕಲಂ ಅದಕ್ಕಿಂತ ಕಿರಿಯರು ಬಂದೂಕು ಒಯ್ಯುವುದನ್ನು ನಿರ್ಬಂಧಿಸುತ್ತದೆ. ಕಾಲೇಜಿಗೆ ಹೋಗುವ ಮಗನ ಕೈಯಲ್ಲಿ ಕಳುಹಿಸುವ ಮುನ್ನ ಇದನ್ನು ನೆನಪಿಡಬೇಕು.

ಅಧಿಕಾರ ಪತ್ರಕ್ಕೆ ಬಿಳಿ ಹಾಳೆ ಸಾಕು, ಆದರೆ ವಿವರ ಪೂರ್ಣವಾಗಿರಬೇಕು. ಪರವಾನಗಿದಾರರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಪರವಾನಗಿಯಲ್ಲಿರುವ ಅನನ್ಯ ಗುರುತಿನ ಸಂಖ್ಯೆ, ಬಂದೂಕಿನ ಬಗೆ ಮತ್ತು ಅದರ ಮೇಲೆ ಕೊರೆದ ಸಂಖ್ಯೆ, ಒಯ್ಯುವವರ ಹೆಸರು ಮತ್ತು ಗುರುತಿನ ಚೀಟಿಯ ವಿವರ, ಯಾವ ವ್ಯಾಪಾರಿಯ ಬಳಿಗೆ, ಯಾವ ಕೆಲಸಕ್ಕೆ, ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ಬರೆದು ಸಹಿ ಹಾಕಬೇಕು. ಜೊತೆಗೆ ಪರವಾನಗಿ ಪುಸ್ತಕವನ್ನೂ ಕೊಟ್ಟು ಕಳುಹಿಸುವುದು ಒಳ್ಳೆಯದು. 19ನೇ ಕಲಂ ಪ್ರಕಾರ ಪೊಲೀಸರು ದಾರಿಯಲ್ಲಿ ಪರವಾನಗಿ ತೋರಿಸುವಂತೆ ಕೇಳಬಹುದು. ಹೊರಡುವ ಮೊದಲು ತಮ್ಮ ವ್ಯಾಪ್ತಿಯ ಠಾಣೆಗೆ ಒಂದು ಮಾತು ತಿಳಿಸಿ, ಪತ್ರದ ಪ್ರತಿ ಕೊಟ್ಟಿದ್ದರೆ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂಲಕ ಸಾಗುವ 150ಎ ಹೆದ್ದಾರಿಯಲ್ಲಿ ಯಾವ ತಪಾಸಣೆ ಎದುರಾದರೂ ಅಂಜಬೇಕಿಲ್ಲ. ಬಂದೂಕು ಖಾಲಿಯಾಗಿರಬೇಕು, ಚೀಲ ಅಥವಾ ಪೆಟ್ಟಿಗೆಯೊಳಗಿರಬೇಕು. ತೋಟಾಗಳನ್ನು ಮನೆಯಲ್ಲೇ ಬೀಗ ಹಾಕಿಟ್ಟು ಹೊರಡಬೇಕು. ದುರಸ್ತಿಗೆ ಅವು ಬೇಕಾಗುವುದಿಲ್ಲ. ವ್ಯಾಪಾರಿ ಬಂದೂಕು ಪಡೆದಾಗ ಸಂಖ್ಯೆ ನಮೂದಿಸಿದ ರಸೀದಿ ಪಡೆಯುವುದನ್ನು ಮರೆಯಬಾರದು. ಬಂದೂಕು ಮನೆಯಲ್ಲಿಲ್ಲದ ದಿನಗಳಿಗೆ ಅದೇ ದಾಖಲೆ.

ಈ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಸಿಂಧನೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಆಸ್ಪತ್ರೆಗೂ ವ್ಯಾಪಾರಕ್ಕೂ ಅತ್ತ ಹೋಗುವ ರೂಢಿಯಿದೆ. ಆದರೆ ಪರವಾನಗಿಯಲ್ಲಿ ಅದು ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂಬುದನ್ನು ಬರೆದಿರುತ್ತಾರೆ. ಅದರಲ್ಲಿ ತೆಲಂಗಾಣ ಒಳಗೊಂಡಿಲ್ಲದಿದ್ದರೆ ಕೃಷ್ಣಾ ಸೇತುವೆ ದಾಟಿದ ಕೂಡಲೇ ಪರವಾನಗಿಯ ರಕ್ಷಣೆ ಇರುವುದಿಲ್ಲ. ಬೆಳೆ ರಕ್ಷಣೆಯ ಪರವಾನಗಿಯಲ್ಲಿ ಪ್ರದೇಶ ಇನ್ನೂ ಕಿರಿದಾಗಿರಬಹುದು. ಆದ್ದರಿಂದ ಪುಸ್ತಕ ತೆರೆದು ಆ ಸಾಲನ್ನು ಓದಿ, ಸಂದೇಹವಿದ್ದರೆ ಜಿಲ್ಲಾಧಿಕಾರಿಗಳ ಕಚೇರಿಯ ಆಯುಧ ಪರವಾನಗಿ ಶಾಖೆಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಂಡೇ ಹೊರಡಬೇಕು. ಕೊಡಗಿನವರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುತ್ತಾರಲ್ಲ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಅದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ ನೀಡಿರುವ, 2029ರವರೆಗೆ ವಿಸ್ತರಿಸಿರುವ ವಿಶೇಷ ವಿನಾಯಿತಿ. ರಾಯಚೂರಿನವರಿಗೆ ಅದು ಅನ್ವಯಿಸುವುದಿಲ್ಲ.

ಗೊಂದಲಕ್ಕೆ ಕಾರಣವಾಗುವ ಇನ್ನೊಂದು ವಸ್ತು ಗಾಳಿ ಬಂದೂಕು. ಮಂಗ ಓಡಿಸಲು ತರಿಸಿದ ಗಾಳಿ ಬಂದೂಕು ಪಾರ್ಸೆಲ್‌ನಲ್ಲಿ ಬಂದಿತೆಂದು, ನಿಜವಾದ ಬಂದೂಕೂ ಹೋದೀತೆಂದು ಭಾವಿಸುವವರಿದ್ದಾರೆ. 20 ಜೂಲ್‌ ಶಕ್ತಿಯನ್ನೂ 0.177 ಅಂಗುಲದ ನಳಿಗೆ ವ್ಯಾಸವನ್ನೂ ಮೀರದ ಗಾಳಿ ಬಂದೂಕಿಗೆ ಪರವಾನಗಿ ಬೇಕಿಲ್ಲ. ಅದನ್ನು ಮೀರಿದ್ದಕ್ಕೆ ಬೇಕು. ಅದೇ ರೀತಿ, ಕೇವಲ ಕೃಷಿ ಅಥವಾ ಗೃಹಬಳಕೆಗೆಂದು ರೂಪಿಸಿದ ವಸ್ತುಗಳು ಆಯುಧದ ವ್ಯಾಖ್ಯೆಗೆ ಸೇರುವುದಿಲ್ಲ. ಕುಡಗೋಲನ್ನು ಸರಿಯಾಗಿ ಸುತ್ತಿ ತಂದರೂ ‘ಆಯುಧ’ವೆಂದು ಹಿಂದಿರುಗಿಸುವ ಕೌಂಟರಿನವರದು ಅತಿಯಾದ ಎಚ್ಚರಿಕೆಯೇ ಸರಿ.

ದುಡಿಮೆಗಾಗಿ ಬೆಂಗಳೂರಿಗೆ ಹೋಗಿ ನೆಲೆಸಿದ ಪರವಾನಗಿದಾರರು ಊರಿನಲ್ಲಿರುವ ಬಂದೂಕನ್ನು ಅಲ್ಲಿಗೆ ತರಿಸಿಕೊಳ್ಳಲು ಬಯಸಿದರೆ ತಾವೇ ಬಂದು ಒಯ್ಯುವುದು ಸೂಕ್ತ. ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ವಾಸಸ್ಥಳ ಬದಲಿಸಿ ಬಂದೂಕನ್ನೂ ಜೊತೆಗೊಯ್ದರೆ, ಮೂವತ್ತು ದಿನದೊಳಗೆ ಹಳೆಯ ಹಾಗೂ ಹೊಸ ಸ್ಥಳಗಳೆರಡರ ಪರವಾನಗಿ ಪ್ರಾಧಿಕಾರಗಳಿಗೂ ತಿಳಿಸಬೇಕು. ಬಂದೂಕನ್ನು ಅರ್ಹತೆಯುಳ್ಳ ಬೇರೊಬ್ಬರಿಗೆ ಮಾರುವುದಾದರೆ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತ ಮಾಹಿತಿ ನೀಡಿ 45 ದಿನ ಕಳೆಯುವವರೆಗೆ ಕಾಯಬೇಕು. ಕೊಳ್ಳುವವರು ಅವಸರ ಮಾಡಿದರೂ ಈ ಅವಧಿ ಕಡಿಮೆಯಾಗದು.

ಪರವಾನಗಿದಾರರು ತೀರಿಕೊಂಡ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಬಂದೂಕು ವರ್ಷಗಟ್ಟಲೆ ಹಾಗೆಯೇ ಉಳಿಯುವುದುಂಟು. 21ನೇ ಕಲಂ ಪ್ರಕಾರ ವಾರಸುದಾರರು ಅದನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ಮುಂದೆ ಕುಟುಂಬದವರೊಬ್ಬರು ತಮ್ಮ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಸಲ್ಲಿಸಬಹುದು. ಇಲ್ಲಿ ಮೇಲೆ ಹೇಳಿದ ಅಧಿಕಾರ ಪತ್ರ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅಧಿಕಾರ ನೀಡಬೇಕಾದ ಪರವಾನಗಿದಾರರೇ ಇಲ್ಲ. ಆದ್ದರಿಂದ ಬಂದೂಕನ್ನು ಮನೆಯಿಂದ ಕದಲಿಸುವ ಮೊದಲು ಠಾಣಾಧಿಕಾರಿಗಳಿಗೆ ಬರಹದ ಮೂಲಕ ತಿಳಿಸಿ, ಅವರು ಸೂಚಿಸಿದಂತೆ ಒಪ್ಪಿಸಿ, ಠೇವಣಿಯ ಸ್ವೀಕೃತಿ ಪಡೆದು ಮರಣ ಪ್ರಮಾಣಪತ್ರದೊಂದಿಗೆ ಇಟ್ಟುಕೊಳ್ಳಬೇಕು.