ಕೂಡಿಸುವ, ಕಳೆಯುವ, ಕಾಯಿಸುವ ಫೋನು

ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗಳಿಗೆ ಮೂರು ದರ್ಜೆ. ಹೆಚ್ಚು ಹಣ ಕಟ್ಟಿದವರಿಗೆ ಸಾಲಿನಲ್ಲಿ ಮುಂದಿನ ಜಾಗ. ಪಿ.ಪಿ. ಕಾಲ್ ಎಂದರೆ ಹೆಸರು ಹೇಳಿದ ವ್ಯಕ್ತಿಯೇ ಬಂದು ರಿಸೀವರ್ ಹಿಡಿದ ಮೇಲಷ್ಟೇ ಲೆಕ್ಕ ಶುರು. ಅಂತೂ ಲೈನು ಸಿಕ್ಕಿತೆಂದರೆ ಆಪರೇಟರಿನ ದನಿ: 'ಮಾತಾಡಿ ಸಾರ್, ಮಾತಾಡಿ!' ಮೂರು ನಿಮಿಷವಾಗುತ್ತಲೇ ಅದೇ ದನಿ ಮತ್ತೆ ನಡುವೆ ನುಸುಳಿ, ಮುಂದುವರಿಸುವುದೋ ನಿಲ್ಲಿಸುವುದೋ ಎಂದು ವಿಚಾರಿಸುತ್ತಿತ್ತು.

ಆ ಆಪರೇಟರ್ ಮಾಡುತ್ತಿದ್ದ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡಿ. ಕರೆದವರಿಗೆ ಯಾರು ಬೇಕೆಂದು ಕೇಳಿಕೊಳ್ಳಬೇಕು. ಲೈನು ಖಾಲಿ ಇಲ್ಲದಿದ್ದರೆ ಕಾಯಿಸಬೇಕು. ಕಾಯುವವರಲ್ಲಿ ಯಾರು ಮೊದಲು ಎಂದು ತೀರ್ಮಾನಿಸಬೇಕು. ದಾರಿ ಸಿಕ್ಕಾಗ ಎರಡು ತುದಿಗಳನ್ನು ಜೋಡಿಸಿ ತಾನು ಪಕ್ಕಕ್ಕೆ ಸರಿಯಬೇಕು. ದೂರವಾಣಿ ತಂತ್ರಜ್ಞಾನದ ನೂರಕ್ಕೂ ಹೆಚ್ಚು ವರ್ಷಗಳ ಕಥೆಯೆಂದರೆ, ಈ ಕೆಲಸಗಳನ್ನು ಒಂದೊಂದಾಗಿ ಯಂತ್ರಕ್ಕೆ ವಹಿಸಿದ ಕಥೆಯೇ. ಇಷ್ಟರಲ್ಲಿ ಯಾವುದು ಸುಲಭ, ಯಾವುದು ಕಷ್ಟ ಎಂದು ಯಾರನ್ನಾದರೂ ಕೇಳಿದರೆ ಬಹುಶಃ ತಪ್ಪು ಉತ್ತರವೇ ಬಂದೀತು.

ಜೋಡಿಸುವ ಕೆಲಸ ಮೊದಲು ಹೋಯಿತು. ಅಮೆರಿಕದ ಕಾನ್ಸಾಸ್ ಸಿಟಿಯ ಆಲ್ಮನ್ ಸ್ಟ್ರೌಜರ್ ಎಂಬಾತ ಶವಸಂಸ್ಕಾರದ ಏರ್ಪಾಡು ಮಾಡಿಕೊಡುವ ವೃತ್ತಿಯವನು. ತನಗೆ ಬರಬೇಕಾದ ಗಿರಾಕಿಗಳ ಕರೆಯನ್ನು ಆಪರೇಟರ್ ಎದುರಾಳಿಯ ಅಂಗಡಿಗೆ ತಿರುಗಿಸುತ್ತಾಳೆಂಬ ಗುಮಾನಿ ಅವನಿಗೆ ಇತ್ತಂತೆ. ಆ ಸಿಟ್ಟಿನಲ್ಲಿ, ಆಪರೇಟರೇ ಬೇಡದ ಸ್ವಿಚ್ಚೊಂದನ್ನು ರೂಪಿಸಿ 1891ರಲ್ಲಿ ಪೇಟೆಂಟ್ ಪಡೆದ. ಈ ಜಾತಿಯ ಎಕ್ಸ್‌ಚೇಂಜುಗಳಲ್ಲಿ ಡಯಲ್ ತಿರುಗಿಸಿದ ಒಂದು ಅಂಕಿಗೆ ಲೋಹದ ತೋಳು ಮೇಲೇರುತ್ತದೆ, ಇನ್ನೊಂದು ಅಂಕಿಗೆ ಅಡ್ಡಡ್ಡ ಸರಿಯುತ್ತದೆ. ಹತ್ತು ಮೆಟ್ಟಿಲು, ಪ್ರತಿ ಮೆಟ್ಟಿಲಿಗೆ ಹತ್ತು ಮನೆ, ಒಟ್ಟು ನೂರು ಸಂಪರ್ಕ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ದಶಕಗಳ ಕಾಲ ಇಂಥ ಸ್ಟ್ರೌಜರ್ ಯಂತ್ರಗಳನ್ನೇ ತಯಾರಿಸಿ ದೇಶಕ್ಕೆಲ್ಲ ಕಳಿಸಿತು. ಆ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ಹಳೆಯ ಎಕ್ಸ್‌ಚೇಂಜಿನೊಳಗೆ ಕಾಲಿಟ್ಟವರಿಗೆ ನೆನಪಿರಬಹುದು, ಹಗಲಿಡೀ ಒಳಗೆ ಮಳೆ ಹುಯ್ದಂತೆ ಟಪಟಪ ಸದ್ದು.

ಆದರೆ ಈ ಲೋಹದ ತೋಳು ಇಬ್ಬರನ್ನು ಜೋಡಿಸಬಲ್ಲದೇ ಹೊರತು ಮೂವರನ್ನಲ್ಲ. ಮೂರನೆಯ ತಂತಿಯನ್ನೂ ಅದಕ್ಕೇ ಕಟ್ಟಿಬಿಟ್ಟರಾಯಿತಲ್ಲ ಎನ್ನಬಹುದು. ಮನೆಯಲ್ಲಿ ಎಕ್ಸ್‌ಟೆನ್ಷನ್ ಫೋನು ಇಟ್ಟುಕೊಂಡಿದ್ದವರನ್ನು ಕೇಳಿ. ನೀವು ಹಾಲಿನಲ್ಲಿ ಮಾತಾಡುತ್ತಿರುವಾಗ ಒಳಕೋಣೆಯಲ್ಲಿ ಯಾರಾದರೂ ಕುತೂಹಲಕ್ಕೆ ರಿಸೀವರ್ ಎತ್ತಿದರೆ ದನಿ ತಟ್ಟನೆ ತಗ್ಗುತ್ತದೆ. (ಕದ್ದು ಕೇಳುವವರು ಸಿಕ್ಕಿಬೀಳುತ್ತಿದ್ದುದೇ ಹೀಗೆ.) ತಂತಿಯಲ್ಲಿ ಬರುವ ದನಿಯ ಶಕ್ತಿ ಎರಡು ಫೋನುಗಳಿಗೆ ಹಂಚಿಹೋಗುವುದೇ ಕಾರಣ. ಹತ್ತು ಊರಿನ ಹತ್ತು ಲೈನುಗಳನ್ನು ಹೀಗೆ ಗಂಟು ಹಾಕಿದರೆ ಯಾರಿಗೂ ಏನೂ ಕೇಳಿಸದು.

ಲೆಕ್ಕ ಕಲಿತ ಎಕ್ಸ್‌ಚೇಂಜು

ಇದಕ್ಕೆ ನಿಜವಾದ ಪರಿಹಾರ ಸಿಕ್ಕಿದ್ದು ದನಿಯನ್ನು ಅಂಕಿಯಾಗಿ ಬದಲಿಸಲು ಕಲಿತ ಮೇಲೆ. ಅದರಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ ಡಿಜಿಟಲ್ ಎಕ್ಸ್‌ಚೇಂಜು ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ. ಒಟ್ಟು 128 ಸಂಪರ್ಕಗಳ ಪುಟ್ಟ ಯಂತ್ರ. ವಿದೇಶಿ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆಯಾಗಬೇಕಿತ್ತು. ಇದು ಸೆಕೆ, ದೂಳು ಎರಡನ್ನೂ ತಡೆದುಕೊಂಡು ಸಾಧಾರಣ ಕೋಣೆಯಲ್ಲಿ ಕುಳಿತಿತು. ಅದೇ ಇದರ ಹೆಗ್ಗಳಿಕೆ.

ಡಿಜಿಟಲ್ ಎಕ್ಸ್‌ಚೇಂಜು ನಿಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತದೆ. ಪ್ರತಿ ಅಳತೆಗೂ ಒಂದು ಸಂಖ್ಯೆ. ದನಿ ಸಂಖ್ಯೆಯಾದ ಮೇಲೆ ಗಂಟು ಹಾಕುವ ಮಾತೇ ಇಲ್ಲ, ಕೂಡಿಸಿದರೆ ಸಾಕು. ನಿಮ್ಮ ಸಂಖ್ಯೆ, ನಿಮ್ಮ ಅಣ್ಣನ ಸಂಖ್ಯೆ, ಮುಂಬೈಯ ಅಳಿಯನ ಸಂಖ್ಯೆ ಇಷ್ಟನ್ನೂ ಕೂಡಿಸಿ ಮತ್ತೆ ದನಿಯಾಗಿಸಿದರೆ ಮೂವರೂ ಒಂದೇ ಕೋಣೆಯಲ್ಲಿ ಮಾತಾಡಿದಂತೆ ಕೇಳುತ್ತದೆ. ಎಷ್ಟು ಜನ ಸೇರಿದರೂ ದನಿ ತಗ್ಗುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಮೆಲುದನಿಯನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ, ಏರುದನಿಯನ್ನು ದೊಡ್ಡ ಹೆಜ್ಜೆಗಳಲ್ಲಿ ಅಳೆಯುವುದು ಫೋನಿನ ಕ್ರಮ. ಪಿಸುಮಾತೂ ಸ್ಪಷ್ಟವಾಗಿರಲಿ ಎಂದು ಈ ಉಪಾಯ. ಹಾಗಾಗಿ ಆ ಸಂಖ್ಯೆಗಳನ್ನು ಇದ್ದಂತೆಯೇ ಕೂಡಿಸುವಂತಿಲ್ಲ. ಪಾವು, ಸೇರು, ಕೊಳಗಗಳನ್ನು ಕೂಡಿಸುವ ಮೊದಲು ಎಲ್ಲವನ್ನೂ ಒಂದೇ ಅಳತೆಗೆ ಇಳಿಸಿಕೊಳ್ಳುತ್ತೇವಲ್ಲ, ಹಾಗೆ ಇಳಿಸಿ, ಕೂಡಿಸಿ, ಮತ್ತೆ ಹಳೆಯ ಅಳತೆಗೆ ಏರಿಸಬೇಕು. ಇದೆಲ್ಲ ಸೆಕೆಂಡಿನ 8000ದಲ್ಲಿ ಒಂದು ಪಾಲಿನೊಳಗೆ ಮುಗಿಯಬೇಕು.

ಕೂಡಿಸಿದ ಮೇಲೆ ಕಳೆಯುವ ಕೆಲಸ. ಎಲ್ಲರ ದನಿಯೂ ಎಲ್ಲರಿಗೂ ಹೋದರೆ ನಿಮ್ಮ ದನಿ ನಿಮಗೇ ತಡವಾಗಿ ಮರಳಿ ಬರುತ್ತದೆ. ತನ್ನ ಮಾತನ್ನೇ ಅರೆಗಳಿಗೆ ತಡವಾಗಿ ಕೇಳಿಸಿಕೊಳ್ಳುವವನ ನಾಲಿಗೆ ತೊದಲುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಅವರದನ್ನು ಬಿಟ್ಟು ಉಳಿದವರ ಮೊತ್ತ ಮಾತ್ರ ಹೋಗಬೇಕು. ಹತ್ತು ಮಂದಿಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಒಂಬತ್ತನ್ನು ಕೂಡಿಸುತ್ತ ಕುಳಿತರೆ 80 ಲೆಕ್ಕ. ಜಾಣರು ಮಾಡುವುದು ಬೇರೆ. ಹತ್ತನ್ನೂ ಒಮ್ಮೆ ಕೂಡಿಸಿಟ್ಟು, ಒಬ್ಬೊಬ್ಬರಿಗೆ ಕಳಿಸುವಾಗ ಅವರದನ್ನು ಕಳೆದುಬಿಟ್ಟರೆ ಒಟ್ಟು 19 ಲೆಕ್ಕಕ್ಕೆ ಮುಗಿಯಿತು. ಮೂರನೇ ಕ್ಲಾಸಿನ ಗಣಿತ.

ಪ್ರತಿಧ್ವನಿಯನ್ನು ಕಳೆಯುವುದು ಮಾತ್ರ ಮೂರನೇ ಕ್ಲಾಸಿಗೆ ಎಟಕುವ ಲೆಕ್ಕವಲ್ಲ. ಮನೆಗೆ ಬರುವ ಎರಡೆಳೆ ತಂತಿಯಲ್ಲಿ ಹೋಗುವ ಮಾತು, ಬರುವ ಮಾತು ಎರಡೂ ಒಟ್ಟಿಗೇ ಹರಿಯುತ್ತವೆ. ದೂರದ ಲೈನುಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ದಾರಿ. ಎರಡು ವ್ಯವಸ್ಥೆಗಳು ಸೇರುವ ಕಡೆ ಒಂದಿಷ್ಟು ದನಿ ಸೋರಿ ಹಿಂದಕ್ಕೆ ಹೊರಳುತ್ತದೆ. ಪಕ್ಕದ ಊರಿನ ಕರೆಯಲ್ಲಿ ಇದು ಗೊತ್ತಾಗುವುದಿಲ್ಲ. ಆದರೆ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಇಳಿಯಲು ಮಾತಿಗೆ ಕಾಲು ಸೆಕೆಂಡು ಹಿಡಿಯುತ್ತದೆ, ಪ್ರತಿಧ್ವನಿ ಮರಳುವಾಗ ಅರ್ಧ ಸೆಕೆಂಡಾಗಿರುತ್ತದೆ. ಸೋರಿಕೆ ಹೇಗಿದೆ ಎಂಬುದನ್ನು ಯಂತ್ರ ಕೇಳಿ ಕೇಳಿ ತಾನೇ ಕಲಿತು, ಅದರ ನಕಲೊಂದನ್ನು ಮಾಡಿ, ಬಂದ ದನಿಯಿಂದ ಕಳೆಯುವ ವಿಧಾನ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ಅದರ ಪ್ರಮುಖ ಲೇಖನವನ್ನು 1967ರಲ್ಲಿ ಪ್ರಕಟಿಸಿದವರು ಭಾರತದಲ್ಲಿ ಹುಟ್ಟಿದ ಮನಮೋಹನ ಸೋಂಧಿ. ಇಂದು ನಿಮ್ಮ ಜೇಬಿನ ಫೋನಿನಲ್ಲೂ ಆ ವಿದ್ಯೆಯ ಸಂತತಿ ಇದೆ.

ಸ್ವಾರಸ್ಯವೆಂದರೆ, ಹತ್ತು ಜನರ ಮಾತುಕತೆಯಲ್ಲಿ ಒಬ್ಬರು ಸ್ಪೀಕರನ್ನು ಜೋರಾಗಿಟ್ಟು ಪ್ರತಿಧ್ವನಿ ಎಬ್ಬಿಸಿದರೆ ಅದು ಉಳಿದ ಒಂಬತ್ತು ಮಂದಿಯ ಕಿವಿ ಕೊರೆಯುತ್ತದೆ, ಎಬ್ಬಿಸಿದವರಿಗೆ ಮಾತ್ರ ಏನೂ ಕೇಳುವುದಿಲ್ಲ. ಅವರ ಕಡೆಯಿಂದ ಹೊರಟದ್ದನ್ನು ಅವರ ಪಾಲಿನಿಂದ ಕಳೆದಿರುತ್ತಾರಲ್ಲ! 2020ರ ಲಾಕ್‌ಡೌನಿನಲ್ಲಿ 'ಮ್ಯೂಟ್ ಮಾಡಿ, ಮ್ಯೂಟ್ ಮಾಡಿ' ಎಂದು ಕೂಗಿ ಸುಸ್ತಾದವರಿಗೆ ಈಗಲಾದರೂ ಆ ವ್ಯಕ್ತಿಯ ಮೇಲಿನ ಸಿಟ್ಟು ಇಳಿದೀತು. ಇನ್ನು ಒಬ್ಬೊಬ್ಬರ ಮನೆಯ ಫ್ಯಾನು, ಕುಕ್ಕರು, ನಾಯಿ ಇವೂ ಮೊತ್ತಕ್ಕೆ ಸೇರುತ್ತವೆ. ಅದಕ್ಕೇ ದೊಡ್ಡ ಸಭೆಗಳಲ್ಲಿ ಯಂತ್ರ ಎಲ್ಲರನ್ನೂ ಕೂಡಿಸದೆ, ಆ ಕ್ಷಣ ಜೋರಾಗಿ ಮಾತಾಡುತ್ತಿರುವ ಕೆಲವರನ್ನಷ್ಟೇ ಆರಿಸಿಕೊಳ್ಳುವುದುಂಟು. ಮೆತ್ತಗೆ ಮಾತಾಡುವವರ ಗತಿ ಎಲ್ಲ ಸಭೆಗಳಲ್ಲಿ ಆಗುವುದೇ.

ಸಾಲಿನ ಗಣಿತ

ಆಪರೇಟರ್ ಮಾಡುತ್ತಿದ್ದ ಇನ್ನುಳಿದ ಕೆಲಸ ಕೇಳಿಕೊಳ್ಳುವುದು ಮತ್ತು ಕಾಯಿಸುವುದು. ಕೇಳಿಕೊಳ್ಳುವುದಕ್ಕೆ ದಾರಿಯಾದದ್ದು 1963ರಲ್ಲಿ ಅಮೆರಿಕದಲ್ಲಿ ಬಂದ ಗುಂಡಿಯ ಫೋನು. ಹಳೆಯ ಡಯಲಿನ ಮಿಡಿತಗಳು ಎಕ್ಸ್‌ಚೇಂಜಿಗೆ ಮುಟ್ಟಿ ಅಲ್ಲಿಗೇ ನಿಲ್ಲುತ್ತಿದ್ದವು. ಗುಂಡಿ ಒತ್ತಿದರೆ ಹುಟ್ಟುವ ಸ್ವರ ಮಾತಿನಂತೆಯೇ ಇನ್ನೊಂದು ತುದಿಯವರೆಗೂ ಹೋಗುತ್ತದೆ. ಪ್ರತಿ ಗುಂಡಿಗೂ ಎರಡೆರಡು ಸ್ವರ. 5ನ್ನು ಒತ್ತಿದರೆ 770 ಮತ್ತು 1336 ಹರ್ಟ್ಸ್ ಒಟ್ಟಿಗೆ ಮೊಳಗುತ್ತವೆ. ಒಂದೇ ಸ್ವರವಾದರೆ ಯಾರದೋ ಮಾತನ್ನೋ ಶಿಳ್ಳೆಯನ್ನೋ ಯಂತ್ರ ಗುಂಡಿಯೆಂದು ತಿಳಿದೀತು. 'ಕನ್ನಡಕ್ಕಾಗಿ ಒಂದನ್ನು ಒತ್ತಿ' ಎಂಬ ದನಿ ಸಾಧ್ಯವಾದದ್ದು ಈ ಜೋಡಿ ಸ್ವರಗಳಿಂದ.

ಒತ್ತಿದಿರಿ. ಆಮೇಲೆ ಸಂಗೀತ. 'ನಿಮ್ಮ ಕರೆ ನಮಗೆ ಅಮೂಲ್ಯ' ಎಂಬ ಆಶ್ವಾಸನೆ. ಮತ್ತೆ ಸಂಗೀತ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ಫೋನು ಮಾಡಿ ಇಪ್ಪತ್ತಾರು ನಿಮಿಷ ಆ ಸಂಗೀತ ಕೇಳಿದ ಅನುಭವ ಈ ಲೇಖಕನಿಗಿದೆ. ಇಪ್ಪತ್ತೇಳನೆಯ ನಿಮಿಷಕ್ಕೆ ಲೈನು ಕಡಿಯಿತು. ಕರೆಗಳು ಹೆಚ್ಚಿದ್ದವು, ಯಂತ್ರ ಏನು ಮಾಡೀತು ಎಂದು ಆಗ ಸಮಾಧಾನ ಪಟ್ಟುಕೊಂಡದ್ದುಂಟು. ಆ ಸಮಾಧಾನಕ್ಕೆ ಆಧಾರವಿರಲಿಲ್ಲ.

ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಅರ್ಲಾಂಗ್ ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದಾಗ 1909ರಲ್ಲಿ ಒಂದು ಲೇಖನ, 1917ರಲ್ಲಿ ಇನ್ನೊಂದು ಪ್ರಕಟಿಸಿದ. ಕರೆಗಳು ಯಾವಾಗ ಬರುತ್ತವೆಂದು ಯಾರೂ ಹೇಳಲಾರರು. ಆದರೆ ಗಂಟೆಗೆ ಸರಾಸರಿ ಎಷ್ಟು, ಒಂದೊಂದು ಎಷ್ಟು ಹೊತ್ತು ಎಂಬುದು ಗೊತ್ತಿದ್ದರೆ ಕಾಯುವ ಸಮಯವನ್ನು ಲೆಕ್ಕ ಹಾಕಬಹುದು ಎಂಬುದು ಅವನು ತೋರಿಸಿಕೊಟ್ಟ ಸಂಗತಿ. ಲೆಕ್ಕ ಮಾಡಿಯೇ ನೋಡೋಣ. ಒಂದು ಕಚೇರಿಗೆ ಗಂಟೆಗೆ 60 ಕರೆ, ಒಂದೊಂದಕ್ಕೆ ಸರಾಸರಿ ಮೂರು ನಿಮಿಷ ಎನ್ನಿ. ಒಟ್ಟು 180 ನಿಮಿಷದ ಮಾತು, ಅಂದರೆ ಮೂವರ ಕೆಲಸ. ಹಾಗೆಂದು ಮೂವರನ್ನೇ ಕೂರಿಸಿದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ! ಕರೆಗಳು ಹದವಾಗಿ ಒಂದರ ಹಿಂದೊಂದು ಬರುವುದಿಲ್ಲ. ಕೆಲವೊಮ್ಮೆ ಐದು ಒಟ್ಟಿಗೆ, ಕೆಲವೊಮ್ಮೆ ಒಂದೂ ಇಲ್ಲ. ಖಾಲಿ ಕುಳಿತ ನಿಮಿಷವನ್ನು ಕೂಡಿಟ್ಟು ಆಮೇಲೆ ಬಳಸಲಾಗದು. ನಾಲ್ವರನ್ನು ಕೂರಿಸಿದರೆ ಸರಾಸರಿ ಕಾಯುವಿಕೆ ಸುಮಾರು 92 ಸೆಕೆಂಡು. ಐವರಾದರೆ 21 ಸೆಕೆಂಡು. ಆರು ಮಂದಿಯಾದರೆ ಬರೀ ಆರು ಸೆಕೆಂಡು.

ಒಂದೇ ಒಂದು ಕುರ್ಚಿ ಹೆಚ್ಚಿಸಿದರೆ ಕಾಯುವ ಹೊತ್ತು ಕಾಲು ಭಾಗಕ್ಕಿಂತ ಕೆಳಗಿಳಿಯುತ್ತದೆ. ಹಾಗಾದರೆ ಯಾಕೆ ಹೆಚ್ಚಿಸುವುದಿಲ್ಲ? ಆರು ಮಂದಿ ಇದ್ದರೆ ಪ್ರತಿಯೊಬ್ಬರೂ ಅರ್ಧ ಹೊತ್ತು ಸುಮ್ಮನೆ ಕುಳಿತಿರುತ್ತಾರೆ. ಅದು ಸಂಬಳದ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಕಾಯುವವರ ಹೊತ್ತು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ನೀವು ಎಷ್ಟು ಹೊತ್ತು ಸಂಗೀತ ಕೇಳಬೇಕೆಂಬುದನ್ನು ಯಾರೋ ಒಬ್ಬರು ಮೇಜಿನ ಮುಂದೆ ಕುಳಿತು ಮೊದಲೇ ತೀರ್ಮಾನಿಸಿರುತ್ತಾರೆ. ಉತ್ತರ ಸಿಕ್ಕ ಕರೆಗಳ ಸರಾಸರಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಬೇಸತ್ತು ಇಟ್ಟವರನ್ನು ಬಿಟ್ಟರಂತೂ ಅಂಕಿ ಅಂಶ ಇನ್ನಷ್ಟು ಚಂದ.

ಕೆಲಸ ಮಾಡುವವರಿಗೂ ಈ ಯಂತ್ರ ಒಂದು ನ್ಯಾಯ ತಂದಿತೆನ್ನಬೇಕು. ಹಳೆಯ ಏರ್ಪಾಡಿನಲ್ಲಿ ಕರೆ ಮೊದಲ ಕುರ್ಚಿಯಿಂದ ಹುಡುಕುತ್ತ ಬರುತ್ತಿತ್ತು, ಮೊದಲ ಕುರ್ಚಿಯವರಿಗೆ ಬಿಡುವಿಲ್ಲ, ಕೊನೆಯವರಿಗೆ ಆಕಳಿಕೆ. ಕರೆ ಹಂಚುವ ಯಂತ್ರ ಯಾರು ಹೆಚ್ಚು ಹೊತ್ತಿನಿಂದ ಬಿಡುವಾಗಿದ್ದಾರೋ ಅವರಿಗೆ ಕರೆ ಕೊಡುತ್ತದೆ. ಜೊತೆಗೆ ಅವರ ಪ್ರತಿ ನಿಮಿಷವನ್ನೂ ಬರೆದಿಡುತ್ತದೆ, ಅದು ಬೇರೆ ಮಾತು.

ಅರ್ಲಾಂಗ್ ಸೂತ್ರದಲ್ಲಿ ಇನ್ನೊಂದು ಅಚ್ಚರಿ ಇದೆ. ನಮ್ಮ ಐವರ ಕಚೇರಿಯಂಥವು ಎರಡು ಊರುಗಳಲ್ಲಿ ಬೇರೆ ಬೇರೆ ಇದ್ದರೆ ಎರಡೂ ಕಡೆ 21 ಸೆಕೆಂಡು ಕಾಯಬೇಕು. ಅದೇ ಹತ್ತು ಜನರನ್ನು, ಅದೇ ಕರೆಗಳನ್ನು ಒಂದೇ ಸಾಲಿಗೆ ತಂದರೆ ಐದು ಸೆಕೆಂಡೂ ಬೇಡ. ಒಂದು ಕಡೆ ನೂಕುನುಗ್ಗಲಾದಾಗ ಇನ್ನೊಂದು ಕಡೆಯವರು ಖಾಲಿ ಇರುತ್ತಾರಲ್ಲ. ತಾಲ್ಲೂಕಿಗೊಂದು ನಂಬರಿನ ಬದಲು ಇಡೀ ರಾಜ್ಯಕ್ಕೆ ಒಂದೇ ನಂಬರು ಇಡುವುದರ ಹಿಂದಿನ ಒಂದು ತರ್ಕ ಇದು.

ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಆರೋಗ್ಯ ಕವಚ, ಅಂದರೆ 108, ಇಂಥದೇ ಏರ್ಪಾಡು. ಇಲ್ಲಿ ಲೈಟ್ನಿಂಗ್ ದರ ಕಟ್ಟಿ ಮುಂದೆ ಹೋಗುವವರಿಲ್ಲ, ಬರುವ ಕರೆಗಳೆಲ್ಲ ಲೈಟ್ನಿಂಗೇ. ಖಾಲಿ ಕುಳಿತ ಕುರ್ಚಿಯನ್ನು ಇಲ್ಲಿ ದಂಡವೆಂದು ಬರೆದುಕೊಂಡರೆ ಬೆಂಕಿ ಆರಿಸುವ ಗಾಡಿ ಶೆಡ್ಡಿನಲ್ಲಿ ನಿಂತಿರುವುದನ್ನೂ ದಂಡವೆಂದೇ ಬರೆಯಬೇಕಾದೀತು. ಮೇಲಿನ 92 ಸೆಕೆಂಡನ್ನು ಇಲ್ಲಿಟ್ಟು ನೋಡಿ. ಹೃದಯ ನಿಂತವರ ಪಾಲಿಗೆ ಒಂದೂವರೆ ನಿಮಿಷವೆಂದರೆ ಏನೆಂಬುದನ್ನು ಯಾವ ವೈದ್ಯರೂ ಹೇಳಿಯಾರು.

ಇಂಥ ತುರ್ತು ಕೇಂದ್ರಗಳಲ್ಲಿ ಈ ಲೇಖನದ ಎರಡು ಯಂತ್ರಗಳೂ ಒಂದೇ ಕರೆಯಲ್ಲಿ ಸೇರುತ್ತವೆ. ಕರೆ ಎತ್ತಿದಾಕೆ ಊರು, ಗುರುತು ಕೇಳಿಕೊಂಡು, ಬೇಕಾದಾಗ ಆಂಬುಲೆನ್ಸಿನವರನ್ನೋ ವೈದ್ಯರನ್ನೋ ಅದೇ ಕರೆಗೆ ಸೇರಿಸಿಕೊಳ್ಳುತ್ತಾಳೆ. ತೋಟದ ಮನೆಯಿಂದ ಗಾಬರಿಯಲ್ಲಿ ಮಾತಾಡುತ್ತಿರುವ ಹುಡುಗ ಸೇತುವೆ ದಾಟಿ ಎಡಕ್ಕೆ, ಆಲದ ಮರದ ಹತ್ತಿರ ಎಂದು ಹೇಳುತ್ತಿರುವಾಗ ಡ್ರೈವರ್ ಹೂಂಗುಡುತ್ತಾನೆ. ಮೂರು ದನಿಗಳ ಸಂಖ್ಯೆಗಳು ಸೆಕೆಂಡಿಗೆ 8000 ಸಲ ಕೂಡುತ್ತ, ಕಳೆಯುತ್ತ ಇರುತ್ತವೆ. ಇಬ್ಬರಿಗೂ ದಾರಿ ತಿಳಿಯಿತೆಂದು ಖಾತ್ರಿಯಾದ ಮೇಲೆ ಆಕೆ ಹಿಂದಿನ ಕಾಲದ ಆಪರೇಟರಿನಂತೆಯೇ 'ಮಾತಾಡಿ' ಎಂದು ಸರಿಯುತ್ತಾಳೆ. ಮೂವರ ಮೊತ್ತ ಇಬ್ಬರದಾಗುತ್ತದೆ. ಅಷ್ಟರಲ್ಲಿ ಆಕೆಯ ಕಿವಿಯಲ್ಲಿ ಮುಂದಿನ ಕರೆ ಬಂದಿರುತ್ತದೆ.