ಪಿತ್ತದ ಗಂಧೆ: ಚೀನೀ ವೈದ್ಯದ 'ಗಾಳಿ'ಯೂ ಇಂದಿನ ವಿಜ್ಞಾನವೂ

ಮೈಮೇಲೆ ಇದ್ದಕ್ಕಿದ್ದಂತೆ ಕೆಂಪು ದದ್ದುಗಳೆದ್ದು, ವಿಪರೀತ ತುರಿಸಿ, ಕೆಲವೇ ಗಂಟೆಗಳಲ್ಲಿ ಗುರುತೂ ಉಳಿಸದೆ ಮಾಯವಾಗುವುದನ್ನು ನೀವು ನೋಡಿರಬಹುದು. ಇದೇ ಪಿತ್ತದ ಗಂಧೆ. ವೈದ್ಯರ ಭಾಷೆಯಲ್ಲಿ ಅರ್ಟಿಕೇರಿಯ. ನಾವು ಇದಕ್ಕೆ ಪಿತ್ತವನ್ನು ದೂರಿದರೆ ಚೀನೀಯರು ಗಾಳಿಯನ್ನು ದೂರಿದರು.

ಗಾಳಿಯೇ ಏಕೆ? ಗಂಧೆಯೂ ಗಾಳಿಯಂತೆ ಹಠಾತ್ತನೆ ಬರುತ್ತದೆ, ಜಾಗ ಬದಲಿಸುತ್ತದೆ, ಸುಳಿವಿಲ್ಲದೆ ಹೋಗುತ್ತದೆ. ಚೀನೀ ಭಾಷೆಯಲ್ಲಿ ಇದರ ಹಳೆಯ ಹೆಸರು 'ಯಿನ್ ಝೆನ್', ಅಂದರೆ ಅಡಗಿರುವ ದದ್ದು. ಗಾಳಿಯನ್ನು ಓಡಿಸಲು 'ಷಿಯಾವೊ ಫೆಂಗ್ ಸಾನ್' ಎಂಬ ಪುಡಿ ಬಳಕೆಗೆ ಬಂತು. ಛೆನ್ ಶಿಗಾಂಗ್ ಎಂಬ ವೈದ್ಯ 1617ರ ತನ್ನ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾನೆ. ಅದರಲ್ಲಿ ಗಿಡಮೂಲಿಕೆಗಳ ಜೊತೆಗೆ ಎಳ್ಳು, ಜಿಪ್ಸಮ್ ಮತ್ತು ಸಿಕಾಡ ಕೀಟ ಕಳಚಿದ ಪೊರೆಯೂ ಇವೆ.

ಇಂದಿನ ವಿವರಣೆ ಬೇರೆ. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಕೆರಳಿದಾಗ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ಆಗ ಕಿರು ರಕ್ತನಾಳಗಳು ಹಿಗ್ಗಿ ದ್ರವ ಸೋರುತ್ತದೆ; ಚರ್ಮ ಉಬ್ಬುತ್ತದೆ. ನರತುದಿಗಳು ಪ್ರಚೋದನೆಗೊಂಡು ತುರಿಕೆಯಾಗುತ್ತದೆ. ದ್ರವ ಮತ್ತೆ ಹೀರಲ್ಪಟ್ಟಂತೆ ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಇಳಿಯುತ್ತದೆ. ಈ ಕಾಟ 6 ವಾರ ಮೀರಿದರೆ ಅದು ದೀರ್ಘಕಾಲೀನ ಗಂಧೆ.

ಹಾಗಾದರೆ ಚೀನೀ ಚಿಕಿತ್ಸೆ ಫಲಕಾರಿಯೇ? ಉತ್ತರಿಸಬೇಕಾದದ್ದು ಪ್ರಯೋಗ. ದೀರ್ಘಕಾಲೀನ ಗಂಧೆಯಿದ್ದ 330 ಜನರ ಮೇಲೆ ಚೀನಾದ ಮೂರು ಆಸ್ಪತ್ರೆಗಳಲ್ಲಿ ನಡೆದ ಸೂಜಿಚಿಕಿತ್ಸೆಯ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನಿಜವಾದ ಚಿಕಿತ್ಸೆ, ಇನ್ನೊಂದಕ್ಕೆ ತೋರಿಕೆಯ ಚಿಕಿತ್ಸೆ. ಮೂರನೆಯದು ಕಾಯುವ ಗುಂಪು. ಅಳತೆಗೋಲು ಸರಳ: ದಿನವೂ ದದ್ದಿಗೆ 0ಯಿಂದ 3, ತುರಿಕೆಗೆ 0ಯಿಂದ 3 ಅಂಕ, ವಾರಕ್ಕೆ ಗರಿಷ್ಠ 42. ನಾಲ್ಕು ವಾರಗಳ ನಂತರ ನಿಜ ಚಿಕಿತ್ಸೆಯವರಲ್ಲಿ ಸರಾಸರಿ 8.2 ಅಂಕ ಇಳಿದರೆ, ತೋರಿಕೆಯವರಲ್ಲಿ 4.1 ಇಳಿಯಿತು. ವ್ಯತ್ಯಾಸವಿದೆ, ಆದರೆ ರೋಗಿಗೆ ಗಣನೀಯವೆನಿಸಲು ಬೇಕಾದ ಸುಮಾರು 10 ಅಂಕಗಳಷ್ಟಿಲ್ಲ. ಹೋಲಿಕೆಯ ಗುಂಪುಗಳೇ ಇಲ್ಲದಿದ್ದರೆ ಇಡೀ 8.2 ಅಂಕವೂ ಸೂಜಿಯ ಲೆಕ್ಕಕ್ಕೇ ಸೇರುತ್ತಿತ್ತು ಎಂಬುದನ್ನು ಗಮನಿಸಿ.

ಮೂಲಿಕೆಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಮೇಲೆ ಹೇಳಿದ ಪುಡಿಯಲ್ಲಿ 'ಮು ಟಾಂಗ್' ಎಂಬ ಕಾಂಡವೂ ಸೇರಿದೆ. ಈ ಹೆಸರಿನಲ್ಲಿ ಅರಿಸ್ಟೊಲೋಕಿಯ ಕುಲದ ಬಳ್ಳಿಯೂ ಮಾರಾಟವಾಗುತ್ತಿತ್ತು. ಅದರಲ್ಲಿರುವ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಕ್ಯಾನ್ಸರ್ ತರುತ್ತದೆ. ಚೀನಾ 2003ರಲ್ಲಿ ಆ ಬಳ್ಳಿಯನ್ನು ನಿಷೇಧಿಸಿತು. ನಮ್ಮ ಈಶ್ವರಿ ಬಳ್ಳಿಯೂ ಇದೇ ಕುಲದ್ದು! 'ಗಿಡಮೂಲಿಕೆ, ಆದ್ದರಿಂದ ನಿರಪಾಯ' ಎಂಬ ಮಾತು ತರ್ಕಕ್ಕೆ ನಿಲ್ಲದು.

ಚೀನೀ ವೈದ್ಯರ ದಿನಚರಿಯ ಸಲಹೆಗಳ ಕಥೆ ಬೇರೆ. ತಣ್ಣನೆಯ ಗಾಳಿಗೆ ಮೈಯೊಡ್ಡಬೇಡಿ ಎಂಬುದು ಶೀತದಿಂದ ಗಂಧೆಯೇಳುವವರಿಗೆ ಅಕ್ಷರಶಃ ಸರಿ. ಅಂಥವರಿಗೆ ತಣ್ಣೀರಿನ ಈಜು ಪ್ರಾಣಾಪಾಯ ತರಬಲ್ಲದು. ಸಿಗಡಿ, ಏಡಿ, ಮದ್ಯ ಬೇಡವೆಂಬುದು ಕೆಲವರಿಗೆ ಮಾತ್ರ ಅನ್ವಯಿಸುತ್ತದೆ. ಇವುಗಳ ಜೊತೆಗೆ ಬಿಸಿ ಸ್ನಾನ, ಬಿಗಿ ಉಡುಪು, ಮಾನಸಿಕ ಒತ್ತಡ, ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಮಾತ್ರೆಗಳೂ ಗಂಧೆಯನ್ನು ಕೆರಳಿಸಬಹುದು. ನಿಮಗೆ ಯಾವುದು ಎಂದು ತಿಳಿಯುವುದು ಹೇಗೆ? ಮೇಲಿನ 42 ಅಂಕಗಳ ಪಟ್ಟಿಯನ್ನೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಹಾರ, ಔಷಧ, ನಿದ್ರೆ, ಹವೆಯನ್ನೂ ಪಕ್ಕದಲ್ಲಿ ದಾಖಲಿಸಿ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ. ಕಾರಣ ಸಿಗದೆಯೂ ಇರಬಹುದು. ದೀರ್ಘಕಾಲೀನ ಗಂಧೆಯಲ್ಲಿ ಅದು ಸಾಮಾನ್ಯ.

ಸೆಟಿರಿಜಿನ್, ಲೊರಾಟಡಿನ್‌ನಂಥ ಹಿಸ್ಟಮಿನ್ ತಡೆಗಳು ಇಂದಿನ ಮೊದಲ ಚಿಕಿತ್ಸೆ. ವೈದ್ಯರು ಸೂಚಿಸಿದ್ದನ್ನು ನಿಲ್ಲಿಸಿ ಪುಡಿಗೆ ಬದಲಾಯಿಸಬೇಡಿ. ನಾಲಿಗೆ ಅಥವಾ ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆಸುತ್ತಿ ಬಂದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಈ ಒಂದು ಸಂಗತಿಯನ್ನು ಪ್ರತಿಯೊಬ್ಬ ಶಿಕ್ಷಕರೂ ತಿಳಿದಿರಬೇಕು.

ಹಳೆಯ ವೈದ್ಯರು ಗಂಧೆಯನ್ನು ಸೂಕ್ಷ್ಮವಾಗಿ ಗಮನಿಸಿದರು. ವಿಜ್ಞಾನ ಅದಕ್ಕೆ ಹೋಲಿಕೆಯ ಗುಂಪನ್ನೂ ಅಂಕಪಟ್ಟಿಯನ್ನೂ ಸೇರಿಸಿತು. ಎರಡನ್ನೂ ತರಗತಿಯಲ್ಲಿ ಕಲಿಸಬಹುದಲ್ಲವೇ?